‘ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ?’

ಪ್ರಶ್ನೆ: ನನಗೆ 25 ವರ್ಷ. ಹುಟ್ಟಿ ಬೆಳೆದದ್ದು ಲಂಡನ್‌ನಲ್ಲಿ, ಅಪ್ಪ ಅಮ್ಮ ಮೈಸೂರಿನವರು. ಕನ್ನಡ ಬರೆಯಲು ಬರುವುದಿಲ್ಲ, ನಾನು ಹೇಳಿದ್ದನ್ನು ಅಮ್ಮ ಬರೆಯುತ್ತಿದ್ದಾರೆ. ಆರನೇ ವಯಸ್ಸಿನಿಂದ ಬ್ಯಾಲೆ ಕಲಿತೆ. ಮೂರು ವರ್ಷ ಆಡಿಷನ್‌ಗಳಿಗೆ ಅಲೆದರೂ ಯಾವ ತಂಡವೂ ತೆಗೆದುಕೊಳ್ಳಲಿಲ್ಲ. ಹೋದ ವರ್ಷ ಕಾಲಿನ ಹರಡು ಬೇರೆ ಕೈಕೊಟ್ಟಿತು. ಈಗ ಒಂದು ಶಾಲೆಯವರು ಶನಿವಾರ ಮಕ್ಕಳಿಗೆ ಕಲಿಸಲು ಕರೆದಿದ್ದಾರೆ. ಅಪ್ಪ, ‘ಇಷ್ಟು ದುಡ್ಡು ಸುರಿದಿದ್ದು ಇದಕ್ಕಾ?’ ಎನ್ನುತ್ತಾರೆ. ನನಗೂ ಸೋತೆ ಅನ್ನಿಸುತ್ತದೆ. ಒಪ್ಪಿಕೊಳ್ಳಲೇ?

ಉತ್ತರ: ಒಪ್ಪಿಕೊಳ್ಳಿ. ಸದ್ಯಕ್ಕೆ ಒಂದು ವರ್ಷದ ಮಟ್ಟಿಗೆ ಸಾಕು.

ರಷ್ಯಾದ ಬ್ಯಾಲೆ ಗುರು ವಾಗನೋವಾ ಹೆಸರು ನಿಮಗೆ ಗೊತ್ತೇ ಇರುತ್ತದೆ. ಅವರ ಕಲಿಸುವ ಪದ್ಧತಿ ಗೊತ್ತು, ಆದರೆ ವೇದಿಕೆಯ ಕಥೆ ಗೊತ್ತಾ? 1897ರಲ್ಲಿ ಶಾಲೆ ಮುಗಿಸಿದ ಅಗ್ರಿಪಿನಾ ವಾಗನೋವಾಗೆ ಬ್ಯಾಲೆರಿನಾ, ಅಂದರೆ ಮುಖ್ಯ ನರ್ತಕಿಯ ಪಟ್ಟ ಸಿಕ್ಕಿದ್ದು 1915ರಲ್ಲಿ. ಮರುವರ್ಷವೇ ನಿವೃತ್ತಿ! ಆಮೇಲೆ ಕಲಿಸಲು ನಿಂತರು. ಜಗತ್ಪ್ರಸಿದ್ಧ ನರ್ತಕಿ ಗಲಿನಾ ಉಲನೋವಾ ಇವರ ಶಿಷ್ಯೆ. ಸೇಂಟ್ ಪೀಟರ್ಸ್‌ಬರ್ಗ್‌ನ ಆ ಶಾಲೆಗೆ ಇವತ್ತು ಇರುವುದು ವಾಗನೋವಾ ಹೆಸರೇ. ನೀವೂ ಹಾಗೇ ಆಗುತ್ತೀರಿ ಅಂತ ಸುಮ್ನೆ ಹುರಿದುಂಬಿಸುತ್ತಿಲ್ಲ. ಕುಣಿಯುವುದು ಒಂದು ಕಸುಬು, ಕಲಿಸುವುದು ಇನ್ನೊಂದು. ಎರಡನೆಯದನ್ನು ನೀವಿನ್ನೂ ಕಲಿತೇ ಇಲ್ಲ. ಕಲಿಯದ ವಿಷಯದಲ್ಲಿ ಸೋಲುವುದು ಹೇಗೆ?

ಟರ್ನ್‌ಔಟ್ ಅನ್ನೇ ನೋಡಿ. ನಿಮ್ಮ ಕಾಲು ಸೊಂಟದ ಕೀಲಿನಿಂದ ತಾನಾಗಿ ಹೊರಗೆ ತಿರುಗುತ್ತದೆ. ಏಳು ವರ್ಷದ ಮಗು ಪಾದವನ್ನಷ್ಟೇ ತಿರುಚಿ, ಮಂಡಿಗೆ ಪೆಟ್ಟು ಮಾಡಿಕೊಳ್ಳುತ್ತದೆ. ಅದು ನಿಮ್ಮ ಕಣ್ಣಿಗೆ ಬೀಳಬೇಕು, ಮಗುವಿಗೆ ತಿಳಿಯುವ ಮಾತಿನಲ್ಲಿ ಹೇಳಲು ಬರಬೇಕು. ಒಂಬತ್ತು ವರ್ಷದ ಮಗಳಿಗೆ ಬೆರಳ ತುದಿಯ ಮೇಲೆ ನಿಂತು ಕುಣಿಯುವ ಪಾಯಿಂಟ್ ಶೂ ಬೇಕೇ ಬೇಕು ಅಂತ ಬರುವ ತಾಯಿಗೆ ‘ಈಗಲೇ ಬೇಡ’ ಎನ್ನುವ ಗಟ್ಟಿತನವೂ ಬೇಕು. ಅದಕ್ಕೇ ಬರೀ ಶನಿವಾರದ ತರಗತಿ ನಂಬಿಕೊಂಡು ಕೂರಬೇಡಿ. 1920ರಲ್ಲಿ ಶುರುವಾದ ರಾಯಲ್ ಅಕಾಡೆಮಿ ಆಫ್ ಡ್ಯಾನ್ಸ್ ನಿಮ್ಮ ಊರಲ್ಲೇ ಇದೆ, ಟೀಚರ್ ಆಗುವವರಿಗೆಂದೇ ತರಬೇತಿ ಕೊಡುತ್ತದೆ. ವಿಚಾರಿಸಿ. ಹರಡನ್ನು ಫಿಸಿಯೋಗೂ ತೋರಿಸಿ, ಕಲಿಸುವಾಗಲೂ ದಿನಕ್ಕೆ ನೂರು ಸಲ ಮಾಡಿ ತೋರಿಸಬೇಕಾಗುತ್ತದೆ.

ಮೂರು ತಿಂಗಳಾದ ಮೇಲೆ ಒಂದು ವಿಷಯ ಗಮನಿಸಿ. ತರಗತಿಯಲ್ಲಿ ನಿಮ್ಮ ಕಣ್ಣು ಜಾಸ್ತಿ ಹೋಗುವುದು ಮಕ್ಕಳ ಕಡೆಗೋ, ಕನ್ನಡಿಯಲ್ಲಿ ಕಾಣುವ ನಿಮ್ಮ ಕಡೆಗೋ? ಕನ್ನಡಿಯ ಕಡೆಗೇ ಆದರೆ ವೇದಿಕೆಯ ಆಸೆ ಇನ್ನೂ ಹೋಗಿಲ್ಲ. ಆಗ ಇನ್ನೊಂದು ಸುತ್ತು ಆಡಿಷನ್‌ಗೆ ಹೋಗಿ, ತಪ್ಪೇನಿಲ್ಲ.

ಇನ್ನು ಅಪ್ಪ. ಅವರಿಗೆ ಅವರೂರಿನ ವೆಂಕಟಲಕ್ಷಮ್ಮನವರನ್ನು ನೆನಪಿಸಿ. ಮೈಸೂರು ಅರಮನೆಯ ಆಸ್ಥಾನ ವಿದುಷಿ, ಆಮೇಲೆ ವಿಶ್ವವಿದ್ಯಾಲಯದಲ್ಲಿ ನೃತ್ಯ ಕಲಿಸಿದವರು. ಭರತನಾಟ್ಯದ ಗುರುಗಳಾದರೆ ಕಾಲಿಗೆ ಬೀಳುತ್ತೇವೆ, ಬ್ಯಾಲೆ ಕಲಿಸಿದರೆ ‘ಬರೀ ಟೀಚರ್’. ಇದ್ಯಾವ ನ್ಯಾಯ ಅಂತ ಕೇಳಿ, ನಗುತ್ತಲೇ ಕೇಳಿ. ಆದರೂ ಪಾಪ, ಅಷ್ಟು ವರ್ಷ ಫೀಸು ಕಟ್ಟಿದವರು. ಅವರಿಗೂ ಒಂದಿಷ್ಟು ಸಂಕಟ ಇರುತ್ತದೆ, ಅಲ್ವಾ?

ಕೊನೆಗೆ, ಇದನ್ನು ಬರೆದುಕೊಟ್ಟ ಅಮ್ಮನಿಗೆ: ಪತ್ರದಲ್ಲಿ ಅಪ್ಪನ ಮಾತಿದೆ, ಮಗಳ ಮಾತಿದೆ. ನಿಮ್ಮದು ಒಂದು ಸಾಲೂ ಇಲ್ಲವಲ್ಲ. ನಿಮಗೇನನ್ನಿಸುತ್ತದೆ? ನನಗೆ ಬರೆಯಬೇಡಿ, ಪಕ್ಕದಲ್ಲೇ ಕೂತಿರುವ ಮಗಳಿಗೆ ಹೇಳಿ.