ಲಾಗಿನ್ ಆದ ಮೇಲೂ ಅನುಮತಿಯನ್ನು ಬೇರೆಯಾಗಿ ನೋಡಿಕೊಳ್ಳುವುದು ಯಾಕೆ?

ಲಾಗಿನ್ ಹೇಳುವುದು ನೀವು ಯಾರು ಅಂತ ಮಾತ್ರ. ನೀವು ಏನು ಮಾಡಬಹುದು ಎನ್ನುವುದು ಬೇರೆ ಪ್ರಶ್ನೆ, ಅದರ ಉತ್ತರ ಆಗಾಗ ಬದಲಾಗುತ್ತದೆ. ಅದಕ್ಕೇ ಎರಡನ್ನೂ ಬೇರೆ ಇಡುತ್ತಾರೆ.

ಉಡುಪಿಯ ಪರ್ಯಾಯವನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಕೃಷ್ಣ ಮಠದ ಪೂಜೆಯ ಹೊಣೆ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಸ್ವಾಮಿಗಳು ಅವರೇ, ಬದಲಾಗುವುದು ಹೊಣೆ. ಸಾಫ್ಟ್‌ವೇರ್‌ನಲ್ಲಿ ಇಂಥ ಹೊಣೆಗೆ 'ರೋಲ್' ಅಂತಾರೆ.

ಈಗ ಮಲ್ಪೆಯ ಒಂದು ಸಹಕಾರಿ ಸಂಘ ಅಂದುಕೊಳ್ಳಿ. ಅಲ್ಲಿನ ಕ್ಲರ್ಕ್ ಮ್ಯಾನೇಜರ್ ಆದರು. ಪಾಸ್‌ವರ್ಡ್ ಮುಟ್ಟುವುದೇ ಬೇಡ, ಅವರ ರೋಲ್ ಬದಲಿಸಿದರೆ ಸಾಕು. 'ಸಾಲ ಮಂಜೂರು' ಬಟನ್ ಒತ್ತಿದಾಗ ಸರ್ವರ್ ಆ ಕ್ಷಣದಲ್ಲೇ ಪಟ್ಟಿ ನೋಡುತ್ತದೆ: ಈ ರೋಲ್‌ಗೆ ಈ ಕೆಲಸ ಇದೆಯಾ? ಇದ್ದರೆ ಮುಂದೆ, ಇಲ್ಲದಿದ್ದರೆ ಅಲ್ಲೇ ತಡೆ. ಪ್ರತಿ ಕೆಲಸಕ್ಕೂ ಹೀಗೆ ನೋಡುವುದೇ ಇಲ್ಲಿನ ಗುಟ್ಟು. ಬಟನ್ ಅನ್ನು ಸುಮ್ನೆ ಮರೆಮಾಡಿದರೆ ಸಾಲದು, ಗೊತ್ತಿದ್ದವರು ಬಟನ್ ಇಲ್ಲದೆಯೂ ಸರ್ವರ್‌ಗೆ ಕೋರಿಕೆ ಕಳಿಸಬಲ್ಲರು.

ಲಾಗಿನ್ ಸಮಯದಲ್ಲೇ ಅನುಮತಿಯನ್ನೆಲ್ಲ ಟೋಕನ್‌ಗೆ, ಅಂದರೆ ಲಾಗಿನ್ ಆದವರಿಗೆ ಸಿಗುವ ಡಿಜಿಟಲ್ ಚೀಟಿಗೆ, ಬರೆದುಬಿಡುವವರೂ ಇದ್ದಾರೆ. ವೇಗ ಜಾಸ್ತಿ, ನಿಜ. ಆದರೆ ಅನುಮತಿ ಕಿತ್ತುಕೊಂಡರೂ ಚೀಟಿಯ ಅವಧಿ ಮುಗಿಯುವ ತನಕ ಹಳೆಯದೇ ನಡೆಯಬಹುದು. ಹಣದ ವ್ಯವಹಾರಕ್ಕೆ ನಾನಂತೂ ಇದನ್ನು ಒಪ್ಪುವುದಿಲ್ಲ.

ವೆಬ್‌ನಲ್ಲೂ ಈ ವ್ಯತ್ಯಾಸ ಕಾಣುತ್ತದೆ. ಸರ್ವರ್ ಉತ್ತರವಾಗಿ ಕಳಿಸುವ ಸಂಕೇತ ಸಂಖ್ಯೆಗಳಲ್ಲಿ 401 ಬಂದರೆ 'ನೀವು ಯಾರೆಂದು ಗೊತ್ತಾಗಲಿಲ್ಲ', 403 ಬಂದರೆ ಸಾಮಾನ್ಯವಾಗಿ 'ಗೊತ್ತಾಯಿತು, ಆದರೆ ಇದಕ್ಕೆ ನಿಮಗೆ ಅನುಮತಿ ಇಲ್ಲ'. ತಮಾಷೆ ಅಂದ್ರೆ, 401ರ ಅಧಿಕೃತ ಹೆಸರು 'ಅನ್‌ಆಥರೈಸ್ಡ್', ಅಂದರೆ ಅನುಮತಿ ಇಲ್ಲದವರು!