“ಕೈ ಎತ್ತಿಲ್ಲ ಮೇಡಂ, ಮತ್ತಿನ್ನೇನು?”

ಈ ಮಾತು ನನ್ ಕೌನ್ಸೆಲಿಂಗ್ ರೂಮಲ್ಲಿ ಪದೇ ಪದೇ ಕೇಳ್ತಾನೇ ಇರ್ತೀನಿ, ಅದಕ್ಕೇ ಬರೀಬೇಕು ಅನ್ನಿಸ್ತು. ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ.

ಮೂವತ್ತರ ಆಸುಪಾಸಿನ ಹೆಣ್ಮಗಳು, ಕೆಲಸದಲ್ಲಿದಾರೆ, ಒಂದು ಮಗು. ನಿದ್ದೆ ಬರಲ್ಲ ಅಂತ ಬಂದಿದ್ದು. ಜೊತೆಗೆ ಬಂದ ಅಮ್ಮನೇ ಶುರು ಮಾಡಿದ್ರು, “ನಮ್ಮ ಅಳಿಯಂದ್ರು ಕುಡಿಯಲ್ಲ, ಒಂದು ದಿನಕ್ಕೂ ಕೈ ಎತ್ತಿಲ್ಲ, ಇವಳೇ ಸುಮ್ನೆ ತಲೆ ಕೆಡಿಸ್ಕೋತಾಳೆ, ಸ್ವಲ್ಪ ಬುದ್ಧಿ ಹೇಳಿ ಮೇಡಂ.” ಮಗಳೂ ತಲೆ ಆಡಿಸಿದ್ರು.

ನಾನು ಹಿಂಸೆ ಅನ್ನೋ ಮಾತೇ ಎತ್ತಲಿಲ್ಲ. ಸಂಜೆ ಗೇಟ್ ಹತ್ರ ಗಂಡನ ಬೈಕ್ ಸೌಂಡ್ ಕೇಳಿದ ತಕ್ಷಣ ಏನ್ ಮಾಡ್ತೀರಾ ಅಂದೆ.

“ಟಿವಿ ಆಫ್ ಮಾಡ್ತೀನಿ, ಮಗು ಆಟದ ಸಾಮಾನು ಎತ್ತಿಡ್ತೀನಿ, ಫೋನಲ್ಲಿ ಅಮ್ಮನ ಕಾಲ್ ಡಿಲೀಟ್ ಮಾಡ್ತೀನಿ.”

ಅಮ್ಮ ಗಕ್ಕನೆ ತಿರುಗಿದ್ರು. “ನನ್ ಕಾಲ್ ಯಾಕೇ ಡಿಲೀಟ್ ಮಾಡ್ತೀಯಾ?”

ಆಮೇಲೆ ಒಂದೊಂದೇ ಹೊರಗೆ ಬಂತು, ಸಂಬಳದ ಎಟಿಎಂ ಕಾರ್ಡು ಗಂಡನ ಪರ್ಸಲ್ಲಿ, ತರಕಾರಿ ತಂದ್ರೂ ಲೆಕ್ಕ ವಾಟ್ಸಾಪ್ ಮಾಡ್ಬೇಕು, ತವರಿಗೆ ಹೋಗಿ ಬಂದ್ರೆ ವಾರಗಟ್ಲೆ ಮಾತಿಲ್ಲ, ಊಟಕ್ಕೆ ಕೂತಾಗ “ನಿಮ್ಮಮ್ಮಂಗೆ ಹೇಳು, ಸಾರಿಗೆ ಉಪ್ಪು ಜಾಸ್ತಿ” ಅಂತ ಮಗು ಕೈಲಿ ಹೇಳಿಸೋದು. ನಿಂಗೆ ತಲೆ ಸರಿ ಇಲ್ಲ ಅಂತ ದಿನಾ ಕೇಳಿ ಕೇಳಿ ಆಕೆಗೇ ಹಂಗನ್ನಿಸೋಕೆ ಶುರುವಾಗಿತ್ತು.

ಮೈ ಮೇಲೆ ಬಾಸುಂಡೆ ಇಲ್ಲ ಅಂದ್ರೆ ನಮ್ ಜನಕ್ಕೆ ಇದು ಕಾಣೋದೇ ಇಲ್ಲ, ಅನುಭವಿಸ್ತಿರೋರಿಗೂ ಕಾಣಲ್ಲ. ಕಾನೂನಿಗೆ ಕಾಣುತ್ತೆ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಬೈದು ಅವಮಾನ ಮಾಡೋದು, ದುಡ್ಡು ಕೈಗೆ ಸಿಗದಂಗೆ ಮಾಡೋದು ಕೂಡ ಹಿಂಸೆನೇ.

ಮನೆ ಬಿಡೋದು ಬಿಡದೇ ಇರೋದು ಆಕೆ ತೀರ್ಮಾನ, ಅದರಲ್ಲಿ ನಾನು ಬಾಯಿ ಹಾಕಲ್ಲ. ಸಂಸಾರ ಒಡೀತೀರಾ ಅಂತ ಬೈಯೋರಿಗೂ ಇದೇ ಹೇಳ್ತೀನಿ. ಆಕೆಗೆ, ನಡೆದಿದ್ದನ್ನ ತಾರೀಖು ಹಾಕಿ ಬರೆದಿಡಿ, ಫೋನಲ್ಲಿ ಬೇಡ, ಆ ನೋಟ್‌ಬುಕ್ ಅಮ್ಮನ ಮನೇಲಿರಲಿ, 181 ಮಹಿಳಾ ಸಹಾಯವಾಣಿ ನಂಬರ್ ಬಾಯಿಪಾಠ ಮಾಡ್ಕೊಳ್ಳಿ, ಕಾರ್ಡ್ ವಾಪಸ್ ಕೇಳೋ ಮುಂಚೆ ಹೇಗೆ ಕೇಳೋದು ಅಂತ ಇಲ್ಲಿ ಮಾತಾಡೋಣ ಅಂದೆ. ಅಮ್ಮಂಗೆ, “ಅಳಿಯ ಒಳ್ಳೇವ್ರು ಅನ್ನೋದು ಸ್ವಲ್ಪ ದಿನ ನಿಲ್ಸಿ, ಮಗಳು ಹೇಳೋದು ಬರೀ ಕೇಳಿಸ್ಕೊಳ್ಳಿ” ಅಂದೆ.

ಗಂಡ ಹೆಂಡತಿ ಇಬ್ರನ್ನೂ ಒಟ್ಟಿಗೆ ಕೂರಿಸಿ ರಾಜಿ ಮಾಡಿಸಬಹುದಿತ್ತಲ್ಲ ಅಂತ ನಮ್ಮ ಫೀಲ್ಡಲ್ಲೇ ಕೆಲವರು ಕೇಳ್ತಾರೆ. ಹೆಂಡತಿ ಇಷ್ಟು ಹೆದರ್ಕೊಂಡಿರೋವಾಗ ನಾನದನ್ನ ಮಾಡಲ್ಲ, ಇಲ್ಲಿ ಬಾಯಿಬಿಟ್ಟು ಹೇಳಿದ್ದಕ್ಕೆಲ್ಲ ಆಕೆ ರಾತ್ರಿ ಮನೇಲಿ ಉತ್ತರ ಕೊಡ್ಬೇಕಾಗುತ್ತೆ. ಗಂಡನಿಗೆ ಬದಲಾಗೋ ಮನಸ್ಸಿದ್ರೆ ಬೇರೆ ಕೌನ್ಸೆಲರ್ ಹತ್ರ ಒಬ್ರೇ ಹೋಗ್ಲಿ, ನಂಬರ್ ನಾನೇ ಕೊಡ್ತೀನಿ.