ಬ್ರಷ್ ಕಟರಿಗೆ ಎಷ್ಟು ಆಯಿಲ್?

ಪ್ರಶ್ನೆ: ಅಡಿಕೆ ತೋಟದ ಕಳೆ ಹೊಡೆಯಲು ಟು-ಸ್ಟ್ರೋಕ್ ಬ್ರಷ್ ಕಟರ್ ತಂದಿದ್ದೇನೆ. ಪುಸ್ತಕದಲ್ಲಿ 50:1 ಎಂದಿದೆ. ಪಕ್ಕದ ತೋಟದವರು, ಆಯಿಲ್ ಜಾಸ್ತಿ ಹಾಕಿದರೆ ಇಂಜಿನ್ ಬಾಳಿಕೆ ಬರುತ್ತದೆ ಅನ್ನುತ್ತಾರೆ. ಮನೆಯಲ್ಲಿ ಉಳಿದಿರುವ ಬೈಕಿನ ಆಯಿಲ್ ಹಾಕಬಹುದೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಪುಸ್ತಕದ ಮಾತನ್ನೇ ಕೇಳಿ. 50:1 ಅಂದರೆ ಒಂದು ಲೀಟರ್ ಪೆಟ್ರೋಲಿಗೆ 20 ಎಂಎಲ್. ಜಾಸ್ತಿ ಸುರಿದರೆ ಪ್ಲಗ್ ಕಪ್ಪಾಗುತ್ತದೆ, ಸೈಲೆನ್ಸರಿನ ಜಾಲರಿಗೆ ಮಸಿ ಕಟ್ಟುತ್ತದೆ, ಹೊಗೆಯಂತೂ ಕೇಳಲೇಬೇಡಿ. ಕಡಿಮೆಯಾದರೆ ಪಿಸ್ಟನ್ನೇ ಸೀಜ್ ಆದೀತು. ಮುಚ್ಚಳದ ಅಂದಾಜು ಬೇಡ. ಔಷಧಿ ಅಂಗಡಿಯ ಸಿರಿಂಜ್ ಸಾಕು, ನಾನು ಬಳಸುವುದೂ ಅದನ್ನೇ.

ಬೈಕಿನ ಆಯಿಲ್ ಬೇಡವೇ ಬೇಡ. ಅದು ಫೋರ್-ಸ್ಟ್ರೋಕ್ ಇಂಜಿನ್ ಒಳಗೇ ಸುತ್ತುತ್ತಿರಲು ಮಾಡಿದ್ದು. ನಿಮ್ಮ ಯಂತ್ರದಲ್ಲಿ ಆಯಿಲ್ ಪೆಟ್ರೋಲಿನ ಜತೆ ಉರಿದುಹೋಗಬೇಕು, ಅಲ್ವಾ? ಡಬ್ಬಿಯ ಮೇಲೆ 2ಟಿ (ಅಂದರೆ ಟು-ಸ್ಟ್ರೋಕ್ ಆಯಿಲ್), ಜಾಸೊ ಎಫ್‌ಡಿ (ಜಪಾನಿನ ಗುಣಮಟ್ಟದ ದರ್ಜೆ) ಎಂದಿದ್ದರೆ ಒಳ್ಳೆಯದು. ದೋಣಿ ಇಂಜಿನ್ನಿನ ಟಿಸಿ-ಡಬ್ಲ್ಯೂ3 ಆಯಿಲ್ ನೀರಿನಿಂದ ತಣಿಯುವ ಇಂಜಿನ್‌ಗಳಿಗೆ. ಗಾಳಿಯಲ್ಲಿ ತಣಿಯುವ ನಿಮ್ಮದಕ್ಕೆ ಹೊಂದದು.

ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ತೇವ ಎಳೆದುಕೊಳ್ಳುತ್ತದೆ. ಮಲೆನಾಡಿನ ಮಳೆಗಾಲ ಬೇರೆ! ಸುಮ್ನೆ ಕ್ಯಾನ್ ತುಂಬ ಕಲಸಿಡಬೇಡಿ, ಒಂದೆರಡು ವಾರಕ್ಕೆ ಆಗುವಷ್ಟು ಸಾಕು. ಯಂತ್ರ ಎತ್ತಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವ ತನಕ ಓಡಿಸಿ.